ಕೊನೇ ತೂಬಿನ ಕಡೆಯಿಂದ

ನೀರು ಬರುವುದನ್ನು ನೀವು ನೋಡಿದ್ದೀರಾ? ನಲ್ಲಿಯ ನೀರಲ್ಲ, ತುಂಬಿ ಹರಿಯುವ ನಾಲೆಯೂ ಅಲ್ಲ. ತಿಂಗಳುಗಟ್ಟಲೆ ಒಣಗಿ ಬಿರುಕು ಬಿಟ್ಟ ಕಾಲುವೆಯೊಳಗೆ ಮೊದಲ ನೀರು ತೆವಳಿಕೊಂಡು ಬರುತ್ತದಲ್ಲ, ಅದನ್ನು ಕೇಳುತ್ತಿದ್ದೇನೆ. ಮೊದಲು ಸದ್ದು ಬರುತ್ತದೆ. ಒಣಗಿದ ಎಲೆ, ಕಸ ಕಡ್ಡಿ ಒಂದರ ಮೇಲೊಂದು ಒತ್ತಿಕೊಂಡು ಸರಸರ ಅನ್ನುತ್ತವೆ. ಆಮೇಲೆ ಬೂದು ಬಣ್ಣದ ನೊರೆ. ನೊರೆಯ ಮುಂದೆ ಇರುವೆ, ಚೇಳು, ಹುಳ ಹುಪ್ಪಟೆ ಜೀವ ಉಳಿಸಿಕೊಳ್ಳಲು ಓಡುತ್ತಿರುತ್ತವೆ. ಅವನ್ನು ಹೆಕ್ಕುತ್ತಾ ದಂಡೆಯ ಎರಡೂ ಕಡೆ ಬೆಳ್ಳಕ್ಕಿ. ನಾವು ಹುಡುಗರು ಆ ನೀರಿನ ಮೂತಿಯ ಜೊತೆಜೊತೆಗೇ ನಡೆಯುತ್ತಿದ್ದೆವು. ಓಡುವ ಅಗತ್ಯ ಇರಲಿಲ್ಲ. ಭೂಮಿ ಕುಡಿದು ಬಿಟ್ಟದ್ದು ಮಾತ್ರ ಮುಂದೆ ಬರುತ್ತಿತ್ತು, ಹಾಗಾಗಿ ನಮ್ಮ ಹೆಜ್ಜೆಗಿಂತ ನಿಧಾನ.

ನಮ್ಮ ಮನೆ ಮಳವಳ್ಳಿಯ ಅಂಚಿನಲ್ಲಿತ್ತು. ಗದ್ದೆ ಊರಿಂದ ಮೂರು ಮೈಲಿ, ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕೊನೇ ತೂಬಿನ ಕೆಳಗೆ. ಕೆ.ಆರ್.ಎಸ್.ನಲ್ಲಿ ಗೇಟು ಎತ್ತಿದರು ಎಂದು ಬಸ್ಸಿನವರು ಸುದ್ದಿ ತಂದ ದಿನದಿಂದ ಅಪ್ಪ ದಿನ ಎಣಿಸುತ್ತಿದ್ದರು. ಕೆಲವು ವರ್ಷ ಐದನೇ ದಿನ ಬರುತ್ತಿತ್ತು, ಕೆಲವು ವರ್ಷ ಹನ್ನೆರಡನೇ ದಿನ. ಮೊದಲ ನೀರಿನ ಜೊತೆ ಮೇಲಿನ ಊರುಗಳ ಸಾಮಾನೂ ಬರುತ್ತಿತ್ತು. ತೆಂಗಿನ ಚಿಪ್ಪು, ಕಿತ್ತುಹೋದ ಚಪ್ಪಲಿ, ಚೆಂಡು ಹೂವಿನ ಹಾರ. ಆ ಊರುಗಳನ್ನು ನಾನು ಕಂಡಿರಲಿಲ್ಲ. ಆದರೆ ನಮಗಿಂತ ಮುಂಚೆ ಈ ನೀರನ್ನು ನೋಡಿದವರು ಬಹಳ ಜನ ಇದ್ದಾರೆ ಎಂಬುದು ಆ ಚಿಪ್ಪುಗಳಿಂದ ಗೊತ್ತಾಗಿತ್ತು.

ಮಳವಳ್ಳಿ ಆಗ ಚಿಕ್ಕ ಊರು. ರೈಲಿಲ್ಲ, ಇವತ್ತಿಗೂ ಇಲ್ಲ. ಕೊಳ್ಳೇಗಾಲ, ಕನಕಪುರ, ಮದ್ದೂರು, ಮೈಸೂರು ಕಡೆಯ ಬಸ್ಸುಗಳು ಬಂದು ಹೋಗುತ್ತಿದ್ದವು. ಪಟ್ಟಲದಮ್ಮನ ಸಿಡಿ ಹಬ್ಬಕ್ಕೆ ಊರು ತುಂಬುತ್ತಿತ್ತು. ಮಂಟೇಸ್ವಾಮಿ ಪದ ಹಾಡುವ ನೀಲಗಾರರು ತಂಬೂರಿ ಹಿಡಿದು ಬಂದರೆ ಅವ್ವ ಮೊರದಲ್ಲಿ ರಾಗಿ ತಂದು ಹಾಕುತ್ತಿದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕಬಾರದು, ಜ್ವರ ಎದ್ದ ಮೇಲೆ ಹೊತ್ತು ತಪ್ಪಿಸಬಾರದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ನಡುರಾತ್ರಿ ಎದ್ದು ಕೆಲಸ ಮಾಡುವ ಅಭ್ಯಾಸ ನನಗೆ ಸರ್ಕಾರಿ ಕೆಲಸದಿಂದ ಬಂದದ್ದಲ್ಲ, ಆ ಹುಳುಗಳಿಂದ ಬಂದದ್ದು.

ಇನ್ನೊಂದು ವಿಷಯ ಹೇಳಬೇಕು. ಶಿವನಸಮುದ್ರ ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಲ್ಲಿ ತಯಾರಾದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಹೋಯಿತು. ನಮ್ಮ ಮನೆಗೆ ದೀಪ ಬಂದದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ಅಲ್ಲಿಯವರೆಗೆ ಬುಡ್ಡಿ ದೀಪದಲ್ಲಿ ಓದಿದ್ದು. ದೂರುವುದಕ್ಕೆ ಹೇಳುತ್ತಿಲ್ಲ. ಹತ್ತಿರದಲ್ಲಿದ್ದವರಿಗೆ ಮೊದಲು ಸಿಗುತ್ತದೆ ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ, ಅಷ್ಟೆ. ನೀರಿನಲ್ಲಿ ಮಾತ್ರ ಅದು ತಪ್ಪದೆ ನಡೆಯುತ್ತದೆ. ಅದನ್ನು ತಡೆಯುವುದೇ ನನ್ನ ಕೆಲಸವಾಯಿತು.

1974ರಲ್ಲಿ ದಿನಗೂಲಿಗೆ ಸೇರಿದೆ. ದಾಖಲೆಯಲ್ಲಿ ಸೌಡಿ, ಊರವರ ಬಾಯಲ್ಲಿ ನೀರುಗಂಟಿ, ಅಂದರೆ ನಾಲೆಯ ನೀರು ಹಂಚುವವನು. ಒಂದು ಸೈಕಲ್ಲು, ಒಂದು ಬ್ಯಾಟರಿ, ಒಂದು ದೊಣ್ಣೆ, ಗೇಟು ತಿರುಗಿಸುವ ಕಬ್ಬಿಣದ ಹಿಡಿ. ಆ ಹಿಡಿ ನಾಲ್ಕು ಸೇರಿಗಿಂತ ಹೆಚ್ಚು ತೂಕ ಇತ್ತು. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೂವತ್ತೆಂಟು ವರ್ಷ ಓಡಾಡಿದ್ದೇನೆ. ಕಡೆಯ ಹತ್ತು ವರ್ಷ ಮೊಪೆಡ್ ಇತ್ತು.

ಕೆಲಸ ಕಲಿಸಿದವರು ನನಗಿಂತ ಮೂವತ್ತು ವರ್ಷ ದೊಡ್ಡವರಾದ ಒಬ್ಬ ನೀರುಗಂಟಿ. ಓದು ಬರಹ ಬಾರದು. ಗೇಜು ಕಲ್ಲಿನ ಮೇಲಿನ ಅಂಕಿ ಅವರಿಗೆ ಬೇಕಿರಲಿಲ್ಲ. ನಾಲೆಯ ಕಲ್ಲು ಕಟ್ಟಡದಲ್ಲಿ ಯಾವ ಕಲ್ಲು ಮುಳುಗಿದೆ, ಯಾವುದು ಕಾಣುತ್ತಿದೆ ಎಂದು ನೋಡಿ ಮೇಲೆ ಎಷ್ಟು ತೂಬು ತೆರೆದಿದ್ದಾರೆ ಅನ್ನುವುದನ್ನು ಹೇಳುತ್ತಿದ್ದರು. ನಾನು ಹೊಸದರಲ್ಲಿ ನಾಲೆಯ ತಲೆಯಿಂದ ಶುರುಮಾಡಿ ಕೆಳಗೆ ಬರುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅವರು ಒಂದು ದಿನ ಹೇಳಿದರು: "ಮೇಲಿನೋನು ನಿನ್ನ ಕಣ್ಣಿಗೆ ಬೀಳ್ತಾನೆ ಕಣ್ಲಾ. ಕೂಗ್ತಾನೆ, ಕಾಪಿ ಕುಡಿಸ್ತಾನೆ, ಜಗಳ ಆಡ್ತಾನೆ. ಕೆಳಗಿನೋನು ಕಾಣಾಕಿಲ್ಲ. ಅವನತ್ರ ನೀನೇ ಹೋಗ್ಬೇಕು." ಕೇಳಿಸಿಕೊಂಡೆ. ಪಾಲಿಸಲಿಲ್ಲ. ಯಾಕೆ ಪಾಲಿಸಬೇಕಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿ ಓದುವ ಮಕ್ಕಳಿದ್ದೀರಿ, ಅದಕ್ಕೆ ಲೆಕ್ಕ ಸ್ವಲ್ಪ ಹೇಳುತ್ತೇನೆ. ಪತ್ರಿಕೆಯಲ್ಲಿ ಕ್ಯೂಸೆಕ್, ಟಿಎಂಸಿ ಎಂದು ದಿನವೂ ಓದುತ್ತೀರಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ಎರಡು ಕೊಡ ನೀರು ಅಂತಿಟ್ಟುಕೊಳ್ಳಿ. ಆ ಒಂದೇ ಕ್ಯೂಸೆಕ್ ಇಪ್ಪತ್ತನಾಲ್ಕು ಗಂಟೆ ಬಿಡದೆ ಹರಿದರೆ, ಎರಡು ಎಕರೆ ಗದ್ದೆಯ ಮೇಲೆ ಹೆಚ್ಚುಕಡಿಮೆ ಒಂದು ಅಡಿ ನೀರು ನಿಲ್ಲುತ್ತದೆ. ಮೇಲಿನ ತೂಬಿನಲ್ಲಿ ಯಾರೋ ರಾತ್ರಿ ಗೇಟನ್ನು ಎರಡು ಸುತ್ತು ಹೆಚ್ಚು ತಿರುಗಿಸಿದರೆ ಏನು ಮಹಾ ಅನ್ನುವವರಿಗೆ ಈ ಲೆಕ್ಕ ಹೇಳುತ್ತಿದ್ದೆ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಕೆ.ಆರ್.ಎಸ್. 124.80 ಅಡಿ ತುಂಬಿದರೆ ಅದರಲ್ಲಿರುವುದು 49.45 ಟಿಎಂಸಿ.

ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕಟ್ಟೆಯಲ್ಲಿ ನೂರು ಅಡಿ ನೀರಿದೆ ಎಂದರೆ ನೂರಿಪ್ಪತ್ತೈದರಲ್ಲಿ ನೂರು, ಮುಕ್ಕಾಲಿಗಿಂತ ಹೆಚ್ಚು ಇದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಟ್ಟೆ ತಟ್ಟೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ನೂರು ಅಡಿ ಇದ್ದಾಗ ಅರ್ಧದಷ್ಟೂ ನೀರಿರುವುದಿಲ್ಲ. ಮೇಲಿನ ಇಪ್ಪತ್ತು ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು. ನೂರು ಅಡಿ ಇದ್ದರೂ ನೀರು ಯಾಕೆ ಬಿಡುತ್ತಿಲ್ಲ ಎಂದು ರೈತರು ಕೇಳುವಾಗ ಇದನ್ನು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸುತ್ತಿದ್ದೆ.

ಕೆ.ಆರ್.ಎಸ್.ನಿಂದ ಬರುವ ನಮ್ಮ ಈ ನಾಲೆಯನ್ನು ಹಳಬರು ಈಗಲೂ ಇರ್ವಿನ್ ನಾಲೆ ಅನ್ನುತ್ತಾರೆ. ಆಗಿನ ವೈಸ್‌ರಾಯ್ ಹೆಸರು. ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆದರೆ ಕಟ್ಟೆ ಕಟ್ಟಿದ ಮಾತ್ರಕ್ಕೆ ಮಂಡ್ಯ ಹಸಿರಾಗಲಿಲ್ಲ. ನಡುವೆ ಹುಲಿಕೆರೆಯ ದಿಬ್ಬ ಇತ್ತು. ಅದರ ಹೊಟ್ಟೆಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದ ಮೇಲೆ ನೀರು ಈ ಕಡೆ ಬಿತ್ತು. ಮಂಡ್ಯದ ಮಾತು ಬಂದಾಗಲೆಲ್ಲ ಕಟ್ಟೆಯ ಫೋಟೋ ಹಾಕುತ್ತಾರೆ, ಸುರಂಗದ ಫೋಟೋ ಯಾರೂ ಹಾಕುವುದಿಲ್ಲ. ಕತ್ತಲೆಯಲ್ಲಿ ಕಲ್ಲು ಒಡೆದ ಕೂಲಿಯವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೆಲಸದ ಮೇಲೆ ಇವತ್ತು ಸುಮಾರು ಎರಡು ಲಕ್ಷ ಎಕರೆ ನಿಂತಿದೆ. ನನಗೆ ಇದು ದೊಡ್ಡ ವಿಷಯ. ನಿಮಗೂ ಆಗಲಿ ಅಂತ ಆಸೆ.

ನಮ್ಮ ಅಜ್ಜಿ ನಾಲೆಗಿಂತ ಹಿಂದಿನವಳು. ಅವಳ ಕಾಲಕ್ಕೆ ಈ ಕಡೆ ರಾಗಿ, ಹುರುಳಿ, ಅವರೆ. ಕೆರೆ ಕೆಳಗೆ ಮಾತ್ರ ಭತ್ತ. ಅನ್ನ ಹಬ್ಬಕ್ಕೆ. ನಾಲೆ ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು, ಅದರ ಹಿಂದೆ ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಕೋಲ್ಮನ್ ಸಾಹೇಬರ ಶ್ರಮ ಇತ್ತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಬೇರೆ ಆಯಿತು. ವಿಶ್ವೇಶ್ವರಯ್ಯನವರು ಮಾಡಿದ್ದ ವ್ಯವಸ್ಥೆಯಲ್ಲಿ ಎಲ್ಲರೂ ಎಲ್ಲ ವರ್ಷವೂ ಭತ್ತ ಬೆಳೆಯುವ ಮಾತೇ ಇರಲಿಲ್ಲ. ಬ್ಲಾಕ್ ಪದ್ಧತಿ ಅಂತ. ಜಮೀನನ್ನು ಭಾಗ ಮಾಡಿ, ಒಂದು ಭಾಗಕ್ಕೆ ಕಬ್ಬು, ಒಂದಕ್ಕೆ ಭತ್ತ, ಇನ್ನೊಂದಕ್ಕೆ ರಾಗಿಯಂಥ ಕಡಿಮೆ ನೀರಿನ ಬೆಳೆ, ಸರದಿಯ ಮೇಲೆ ಬದಲಾಯಿಸುತ್ತಾ ಹೋಗಬೇಕು. ನೀರು ಹೆಚ್ಚು ಜನಕ್ಕೆ ಹರಡಬೇಕು ಎಂಬ ಯೋಚನೆ ಅದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ಕಾಗದದಲ್ಲಿ ಉಳಿದಿತ್ತು. ಮೇಲೆ ಎರಡು ಬೆಳೆ ಭತ್ತ, ಅದರ ಪಕ್ಕ ಕೂಳೆ ಕಬ್ಬು. ಅವರನ್ನು ಬೈಯಲಾರೆ. ಐಆರ್ ಎಂಟು, ಜಯ ತಳಿಗಳು ಬಂದು ಎಕರೆಗೆ ಹಿಂದೆ ಕಾಣದಷ್ಟು ಮೂಟೆ ಬೆಳೆಯುತ್ತಿದ್ದ ಕಾಲ, ನೀರು ಮನೆ ಬಾಗಿಲಲ್ಲಿ ಹರಿಯುತ್ತಿದೆ, ಯಾರು ರಾಗಿ ಹಾಕುತ್ತಾರೆ?

ಈಗ ಆಗಲೇ ಹೇಳುತ್ತೇನೆ ಅಂದ ವಿಷಯಕ್ಕೆ ಬರುತ್ತೇನೆ.

ಸೇರಿದ ಮೂರನೇ ವರ್ಷ. ನಾಟಿಗೆ ಪೈರು ಬೆಳೆಸಲು ಒಟ್ಲು ಹಾಕಿದ ಸಮಯ. ಮೇಲಿನ ತೂಬೊಂದರ ಕೆಳಗೆ ನನ್ನ ಸೋದರಮಾವನ ಗದ್ದೆ. ನನ್ನನ್ನು ಎತ್ತಿ ಆಡಿಸಿದವರು. ಒಂದು ಸಂಜೆ ದಂಡೆಗೆ ಬಂದು, "ಲೋ ಮಗ, ಇವತ್ತೊಂದು ರಾತ್ರಿ ಎರಡು ಸುತ್ತು ಜಾಸ್ತಿ ಬುಡ್ಲಾ, ಬೆಳಗಾಗೆದ್ದು ಮುಚ್ಬುಡು" ಅಂದರು. ಬಿಟ್ಟೆ. ಬೆಳಿಗ್ಗೆ ಮುಚ್ಚುವ ಮನಸ್ಸು ನಿಜವಾಗಿ ಇತ್ತು. ಆದರೆ ಅದೇ ರಾತ್ರಿ ಇನ್ನೊಂದು ಕಡೆ ದಂಡೆ ಕೊರೆದು ನೀರು ನುಗ್ಗಿತ್ತು. ನಸುಕಿನಲ್ಲೇ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದರು. ಮರಳು ಮೂಟೆ ಹೊತ್ತು ಅಲ್ಲೇ ಎರಡು ರಾತ್ರಿ ಆಯಿತು. ಮಾವನ ತೂಬು ನೆನಪಾದದ್ದು ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ. ತುತ್ತು ಬಿಟ್ಟು ಎದ್ದೆ.

ತೂಬು ಮುಚ್ಚಿ ನಾಲೆಯ ಗುಂಟ ಕೆಳಗೆ ಹೋದೆ. ಕೊನೆಗೆ ಹೋಗುವ ಹೊತ್ತಿಗೆ ಕಾಲುವೆಯ ತಳ ಕಾಣುತ್ತಿತ್ತು. ಕಡೇ ತೂಬಿನ ಕೆಳಗೆ ಹದಿನೆಂಟು ಗುಂಟೆ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ಗಂಡ ತೀರಿಹೋಗಿದ್ದರು. ಬದುವಿನ ಮೇಲೆ ಕೂತು, ಒಟ್ಲಿನ ಪೈರನ್ನು ಒಂದೊಂದಾಗಿ ಕಿತ್ತು ಬುಡ ನೋಡುತ್ತಿದ್ದರು. ಹಸಿರಿದ್ದದ್ದು ಒಂದು ಕಡೆ, ಕೆಂಪಗೆ ಸುಟ್ಟದ್ದು ಇನ್ನೊಂದು ಕಡೆ. ಹಸಿರಿನ ಗುಡ್ಡೆ ಒಂದು ಹಿಡಿಯಷ್ಟೂ ಇರಲಿಲ್ಲ. ನನ್ನನ್ನು ನೋಡಿ, "ನೀರು ಬರ್ನಿಲ್ಲ ಕಣಪ್ಪ" ಅಂದರು. ಕೋಪ ಇರಲಿಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದರು.

ಅಲ್ಲಿಂದ ಮಾವನ ಮನೆಗೆ ಹೋಗಿ ಇರುವ ವಿಷಯ ಹೇಳಿದೆ. ಅವರ ಒಟ್ಲಿನಲ್ಲಿ ಪೈರು ಮಿಕ್ಕಿತ್ತು. ಒಂದು ಮಾತೂ ಆಡದೆ ಕಿತ್ತು ಕಂತೆ ಕಟ್ಟಿಕೊಟ್ಟರು. ಸೈಕಲ್ಲಿನ ಹಿಂದೆ ಕಟ್ಟಿ ಎರಡು ಸಲ ಓಡಾಡಿ ಆ ತಾಯಿಯ ಗದ್ದೆಗೆ ಮುಟ್ಟಿಸಿದೆ. ಎಲ್ಲೋ ಮಿಕ್ಕಿತ್ತು ಅಂತ ಮಾತ್ರ ಹೇಳಿದೆ. ನಾಟಿಯಾಯಿತು. ವಾರ ಬಿಟ್ಟು ಆಕೆ ಸೆರಗಿನಲ್ಲಿ ಒಂದು ಸೇರು ಹುರುಳಿ ಕಟ್ಟಿಕೊಂಡು ನಾಲೆಯ ಹತ್ತಿರ ಬಂದರು. ಬೇಡ ಅನ್ನಬೇಕಾದರೆ ಕಾರಣ ಹೇಳಬೇಕಿತ್ತು. ಹೇಳುವ ಧೈರ್ಯ ಇರಲಿಲ್ಲ. ತೆಗೆದುಕೊಂಡೆ. ಅವ್ವ ಬಸ್ಸಾರು ಮಾಡಿದಳು. ಎಲ್ಲರೂ ಚೆನ್ನಾಗಿದೆ ಅಂತ ತಿಂದರು. ನಾನೂ ತಿಂದೆ. ಆ ಊಟ ನೆನಪಿದ್ದ ಹಾಗೆ ನನ್ನ ಮದುವೆಯ ಊಟವೂ ನೆನಪಿಲ್ಲ.

ಆ ವರ್ಷದಿಂದ ನಾನು ಕೊನೇ ತೂಬಿನಿಂದ ಮೇಲಕ್ಕೆ ನಡೆಯಲು ಶುರುಮಾಡಿದೆ. ಪ್ರತಿ ಸರದಿಯಲ್ಲೂ ಮೊದಲು ಕೆಳಗೆ ಹೋಗುವುದು. ಅಲ್ಲಿ ಎಷ್ಟು ನೀರಿದೆ, ಯಾರ ಗದ್ದೆ ಯಾವ ಹದದಲ್ಲಿದೆ ನೋಡುವುದು. ಆಮೇಲೆ ಒಂದೊಂದೇ ತೂಬು ನೋಡುತ್ತಾ ಮೇಲೆ ಬರುವುದು. ಇದರಿಂದ ಒಂದು ಉಪಯೋಗವಾಯಿತು. ಮೇಲಿನವರು ಇನ್ನೂ ಒಂದು ದಿನ ಬಿಡಿ ಎಂದು ಕೇಳಿದಾಗ, ಇಲ್ಲ, ಕೆಳಗೆ ಇಂಥವರ ಭತ್ತ ಹೊಡೆ ಕಟ್ಟಿದೆ, ಇವತ್ತೇ ನೀರು ಹೋಗದಿದ್ದರೆ ಜೊಳ್ಳಾಗುತ್ತದೆ ಎಂದು ಹೆಸರು ಹಿಡಿದು ಹೇಳಬಹುದಿತ್ತು. ಕೊನೆ ಭಾಗ ಎಂದರೆ ಯಾರಿಗೂ ಮುಖ ಕಾಣುವುದಿಲ್ಲ. ಇಂಥವರ ಮಗ, ಇಂಥ ಗದ್ದೆ ಎಂದರೆ ಹತ್ತರಲ್ಲಿ ಆರು ಜನ ಸುಮ್ಮನಾಗುತ್ತಿದ್ದರು. ಉಳಿದ ನಾಲ್ವರಿಗಾಗಿ ರಾತ್ರಿ ಎಚ್ಚರ ಇರಬೇಕಿತ್ತು.

ರಾತ್ರಿಯ ವಿಷಯ ಎಷ್ಟು ಹೇಳಿದರೂ ಮುಗಿಯದು. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ನಿಲ್ಲಿಸುವುದು ಎಂದು ಇರುತ್ತದೆ. ನಿಲ್ಲಿಸುವ ಹಿಂದಿನ ರಾತ್ರಿ ನಾಲೆಯ ಉದ್ದಕ್ಕೂ ಬ್ಯಾಟರಿ ಬೆಳಕು. ಗೇಟು ಮುಟ್ಟುವುದಿಲ್ಲ, ಗೇಟು ಮುಟ್ಟಿದರೆ ಕೇಸು. ಅದಕ್ಕೆ ನಾಲೆಗೇ ಅಡ್ಡ ಬಾಳೆದಿಂಡು, ಹುಲ್ಲಿನ ಹೊರೆ, ಕಲ್ಲು ಹಾಕುತ್ತಾರೆ. ನೀರಿನ ಮಟ್ಟ ಏರುತ್ತದೆ, ಅವರ ತೂಬಿಗೆ ಹೆಚ್ಚು ನೀರು ನುಗ್ಗುತ್ತದೆ. ಎದೆ ಮಟ್ಟದ ನೀರಿಗೆ ಇಳಿದು ಆ ದಿಂಡುಗಳನ್ನು ಎಳೆದುಹಾಕಬೇಕು. ದಂಡೆಯ ಮೇಲೆ ಗುದ್ದಲಿ ಹಿಡಿದು ನಿಂತವನು ನೆನ್ನೆ ನನ್ನ ಜೊತೆ ಟೀ ಕುಡಿದವನೇ ಆಗಿರುತ್ತಿದ್ದ. ಎರಡು ಸಲ ಏಟು ಬಿದ್ದಿದೆ. ಒಂದರ ಗಾಯ ಇಲ್ಲಿ ಭುಜದ ಮೇಲೆ ಇದೆ. ಹೊಡೆದವನ ಮಗಳ ಮದುವೆಗೆ ನಾನು ಹೋಗಿದ್ದೆ. ಆತ ಕೈ ಹಿಡಿದು ಅತ್ತ.

ಕೊಯ್ಲಾದ ಮೇಲೆ ಕಣದಲ್ಲಿ ಭತ್ತ ಕೊಡುವ ಪದ್ಧತಿ ಕೆರೆಯ ನೀರುಗಂಟಿಗಳ ಕಾಲದಿಂದ ಬಂದದ್ದು. ಆಗ ಅವರಿಗೆ ಅದೇ ಸಂಬಳ. ನಮಗೆ ಸರ್ಕಾರದ ಸಂಬಳ ಇತ್ತು, ಆದರೂ ಕೊಡುತ್ತಿದ್ದರು. ಎಲ್ಲರ ಕೊಯ್ಲು ಮುಗಿದ ಮೇಲೆ ಕಣದಲ್ಲಿ ಕೊಟ್ಟದ್ದನ್ನು ನಾನು ಬೇಡ ಅಂದಿಲ್ಲ. ನಾಟಿಗೆ ಮುಂಚೆ ಮನೆಗೆ ತಂದಿಟ್ಟದ್ದನ್ನು ಒಂದು ಸಲವೂ ಒಳಗೆ ಇಟ್ಟುಕೊಂಡಿಲ್ಲ. ನನ್ನ ಹೆಂಡತಿ ಆ ಮೂಟೆಗಳನ್ನು ತಾನೇ ಜಗಲಿಯಿಂದ ಕೆಳಗೆ ಇಳಿಸಿ, "ಅಣ್ಣ, ತಕ್ಕೊಂಡೋಗಿ" ಅನ್ನುತ್ತಿದ್ದಳು. ಮನೆಯಲ್ಲಿ ಅಕ್ಕಿ ಇಲ್ಲದ ದಿನಗಳಲ್ಲೂ ಹಾಗೆ ಹೇಳಿದ್ದಾಳೆ. ಇವತ್ತು ನೀವು ನನಗೆ ಕೊಡುತ್ತಿರುವ ಈ ಗೌರವದಲ್ಲಿ ಅರ್ಧ ಅವಳದ್ದು. ಅವಳು ಇಲ್ಲೇ ಮುಂದೆ ಕೂತಿದ್ದಾಳೆ.

ಕಾವೇರಿ ವಿವಾದದ ಬಗ್ಗೆ ಕೇಳುತ್ತೀರಿ, ಗೊತ್ತು. ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ ನೀರು 1991ರ ಮಧ್ಯಂತರ ಆದೇಶದಲ್ಲಿ 205 ಟಿಎಂಸಿ, 2007ರ ತೀರ್ಪಿನಲ್ಲಿ 192, 2018ರಲ್ಲಿ ಸುಪ್ರೀಂ ಕೋರ್ಟ್ 177.25. ನೀವು ಪರೀಕ್ಷೆಗೆ ಓದುವ ಅಂಕಿಗಳು. ನನಗೆ ಅದರಲ್ಲಿ ಹೇಳಲು ಒಂದೇ ವಿಷಯ ಇದೆ. 2002–03 ಮತ್ತು ಅದರ ಮುಂದಿನ ವರ್ಷ ಮಳೆ ಕೈಕೊಟ್ಟಾಗ, ಬೇಸಿಗೆ ಭತ್ತಕ್ಕೆ ನೀರಿಲ್ಲ, ರಾಗಿ ಹಾಕಿ ಎಂದು ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಮೇಲಿನ ಊರುಗಳ ಹುಡುಗರಿಗೆ ರಾಗಿ ಪೈರು ನೆಡುವುದು ಗೊತ್ತಿರಲಿಲ್ಲ, ನಾಲೆ ಬಂದ ಮೇಲೆ ಎರಡು ತಲೆಮಾರು ಕಳೆದಿತ್ತು. ನಮ್ಮ ಕೊನೆ ಭಾಗದವರಿಗೆ ಗೊತ್ತಿತ್ತು. ನೀರನ್ನು ನಂಬಲಾಗದೆ ಪ್ರತಿ ವರ್ಷ ಒಂದು ಮಡಿಯಲ್ಲಾದರೂ ರಾಗಿ ಹಾಕಿ ಬೀಜ ಉಳಿಸಿಕೊಂಡಿದ್ದರು. ಆ ವರ್ಷ ಮೇಲಿನಿಂದ ಜನ ಗಾಡಿ ಕಟ್ಟಿಕೊಂಡು ಕೆಳಗೆ ಬಂದು ಬೀಜ ಕೇಳಿದರು. ಕೊಟ್ಟರು. ಹದಿನೆಂಟು ಗುಂಟೆಯ ಆ ತಾಯಿಯೂ ಮೂರು ಸೇರು ಅಳೆದು ಕೊಟ್ಟದ್ದನ್ನು ನಾನು ನಿಂತು ನೋಡಿದ್ದೇನೆ.

ಒಂದು ಕೋರಿಕೆ ಇದೆ, ನಡುವೆಯೇ ಹೇಳಿಬಿಡುತ್ತೇನೆ. ನಾಲೆಯಲ್ಲಿ ಈಜಬೇಡಿ, ಬಟ್ಟೆ ಒಗೆಯುವಾಗ ಚಿಕ್ಕ ಮಕ್ಕಳನ್ನು ದಂಡೆಯಲ್ಲಿ ಬಿಡಬೇಡಿ. ಹೊಳೆಯಲ್ಲಿ ಮರಳಿನ ದಡ ಇರುತ್ತದೆ, ಬೇರು ಇರುತ್ತದೆ, ಹಿಡಿಯಬಹುದು. ಸಿಮೆಂಟು ಹಾಕಿದ ನಾಲೆಯಲ್ಲಿ ಇಳಿಜಾರು ಪಾಚಿ ಕಟ್ಟಿರುತ್ತದೆ. ಬಲ್ಲವನೂ ಹತ್ತಲಾರ. ತೂಬಿನ ಬಾಯಿಗೆ ಬಂದು ನಿಂತ ದೇಹಗಳನ್ನು ನಾನು ಈ ಕೈಯಲ್ಲಿ ಎತ್ತಿದ್ದೇನೆ. ಎಷ್ಟು ಎಂದು ಎಣಿಸುವುದನ್ನು ನಿಲ್ಲಿಸಿದೆ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ನಾನು ಆಗ ನಿವೃತ್ತನಾಗಿ ಆರು ವರ್ಷ. ಆ ರಾತ್ರಿ ಮಲಗಲಾಗಲಿಲ್ಲ. ನಿಮ್ಮ ಊರಿನ ಪಕ್ಕ ನಾಲೆ ತಿರುವಿನಲ್ಲಿ ತಡೆಗೋಡೆ ಇಲ್ಲದಿದ್ದರೆ ಪಂಚಾಯಿತಿಗೆ ಬರೆದುಕೊಡಿ, ಆಗುವವರೆಗೆ ಬಿಡಬೇಡಿ.

2012ರಲ್ಲಿ ನಿವೃತ್ತಿಯಾಯಿತು. ಹಿಡಿಯನ್ನು ಮುಂದಿನ ಹುಡುಗನಿಗೆ ಕೊಟ್ಟು ಎರಡು ದಿನ ಜೊತೆಯಲ್ಲಿ ಓಡಾಡಿದೆ. ಎಲ್ಲಿ ಗೇಟು ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲಿ ಹಾವಿರುತ್ತದೆ, ಯಾವ ಕಲ್ಲು ಮುಳುಗಿದರೆ ಎಷ್ಟು ನೀರು, ಎಲ್ಲ ತೋರಿಸಿದೆ. ಅವನು ಮೇಲಿನ ತೂಬಿನ ಕಡೆ ಸೈಕಲ್ಲು ತಿರುಗಿಸಿದಾಗ ಹಿಡಿದು ನಿಲ್ಲಿಸಿ ಕೆಳಗೆ ಕರೆದುಕೊಂಡು ಹೋದೆ.

ಅಪ್ಪನ ಗದ್ದೆ ಈಗ ನನ್ನ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಕೆ.ಆರ್.ಎಸ್.ನಲ್ಲಿ ಗೇಟು ಎತ್ತಿದ ಸುದ್ದಿ ಈಗ ಬಸ್ಸಿನವರು ತರುವುದಿಲ್ಲ, ಎಲ್ಲರ ಮೊಬೈಲಿಗೂ ಒಂದೇ ಹೊತ್ತಿಗೆ ಬರುತ್ತದೆ. ನಾನು ಮಾತ್ರ ಅಪ್ಪನ ಹಾಗೆ ದಿನ ಎಣಿಸುತ್ತೇನೆ. ಕಳೆದ ಸಲ ಏಳನೇ ದಿನ ಬೆಳಿಗ್ಗೆ ಹುಡುಗ ಫೋನು ಮಾಡಿದ. ಮಾತಾಡಲಿಲ್ಲ. ಫೋನನ್ನು ಕಾಲುವೆಯ ಕಡೆ ಹಿಡಿದಿದ್ದ. ಒಣ ಎಲೆ ಸರಸರ ಅನ್ನುತ್ತಿತ್ತು.